ಸವಣೂರಿನ ದನಿ

ರಟ್ಟೀಹಳ್ಳಿಯ ಅಂಕಿತಾ ಮಾತಾಡುತ್ತಿದ್ದಾಗ ಅವಳ ಮಾತಿನ ಹಿಂದಿನಿಂದ ಇನ್ನೊಬ್ಬರ ನಗೆ ಕೇಳಿಸಿತು. ಹಿರೇಕೆರೂರಿನ ತನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸುನಿತಾಳ ಕೈ ಹಾಗೇ ನಿಂತಿತು. ಫೋನು ಉಪ್ಪಿನ ಡಬ್ಬಿಗೆ ಒರಗಿಕೊಂಡಿತ್ತು. ಹಿಟ್ಟಿನ ಬೆರಳಿನಲ್ಲೇ ಅದರ ಸದ್ದು ಹೆಚ್ಚಿಸಿದಳು. ನಗೆ ಮತ್ತೆ ಬಂತು. ಮೊದಲು ಮೂಗಿನಲ್ಲಿ ಸಣ್ಣಗೆ ಶುರುವಾಗಿ, ಆಮೇಲೆ ತಡೆಯಲಾರದೆ ಗಂಟಲು ಬಿಚ್ಚಿಕೊಳ್ಳುವ ಆ ನಗೆ ಸವಣೂರಿನ ಗೆಳತಿ ಇರಮಳದಲ್ಲದೆ ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ.

"ಅಂಕಿತಾ, ನಿಮ್ಮ ಮನ್ಯಾಗ ಯಾರು ನಗಾಕತ್ತಾರ?"

"ನಮ್ಮ ನಾದಿನಿ ಫೋನ್ರಿ ಅಕ್ಕಾರ. ಅಕಿ ಏನೋ ಕೇಳಾಕತ್ತಾಳ," ಎಂದಳು ಅಂಕಿತಾ. ಕದ ಎಳೆದುಕೊಂಡ ಸದ್ದಾಯಿತು. ನಗೆ ನಿಂತಿತು.

ಸುನಿತಾ ದಿನಾ ಫೋನಿನಲ್ಲಿ ತೆರೆಯುವ ಮಾತಿನ ರೂಮಿನಲ್ಲಿ ಆ ಮುಂಜಾನೆ ಅವಳ ಹೊರತು ಇದ್ದವರು ಮೂವರೇ. ಅಂಕಿತಾ, ಚಿಕ್ಕೇರೂರಿನ ಯಂಕವ್ವ, ಮತ್ತು ಹೆಸರಿನ ಜಾಗದಲ್ಲಿ ಹೂವಿನ ಚಿತ್ರ ಇಟ್ಟುಕೊಂಡು ಎಂದೂ ಬಾಯಿ ಬಿಡದ ಯಾರೋ ಒಬ್ಬರು. ತನ್ನ ಎಮ್ಮೆ ಎರಡು ದಿನದಿಂದ ಮೇವು ಮೂಸಿಯೂ ನೋಡುತ್ತಿಲ್ಲವೆಂದು ಯಂಕವ್ವ ಹೇಳತೊಡಗಿದಳು. ಸುನಿತಾ "ಹೂಂ, ಹೂಂ" ಎನ್ನುತ್ತಿದ್ದಳೇ ಹೊರತು ಒಂದು ಮಾತೂ ಕಿವಿಗೆ ಇಳಿಯಲಿಲ್ಲ. ಏಳು ಗಂಟೆಯವರೆಗೆ ನಡೆಯಬೇಕಿದ್ದ ರೂಮನ್ನು ಅವಳು ಆರಕ್ಕೇ ಮುಚ್ಚಿದಳು.

ನಾಲ್ಕು ವರ್ಷದ ಹಿಂದೆ, ಎಲ್ಲರೂ ಮನೆಯಲ್ಲಿ ಕದ ಹಾಕಿಕೊಂಡು ಕೂತಿದ್ದ ಕಾಲದಲ್ಲಿ, ಮುಖ ಕಾಣದ, ಬರೀ ದನಿಯ ಆ ಆ್ಯಪ್ ಬಂದಿತ್ತು. ಅದರಲ್ಲಿ ರಾಜಕೀಯ ಮಾತಾಡುವ ಗಂಡಸರ ರೂಮುಗಳಿದ್ದವು, ಹಾಡಿನ ರೂಮುಗಳಿದ್ದವು. ಸುನಿತಾ ಅವನ್ನೆಲ್ಲ ಹೊಕ್ಕು ನೋಡಿ, ಒಂದು ದಿನ ಬೆಳಗಿನ ಐದೂವರೆಗೆ ತನ್ನದೇ ಒಂದು ರೂಮು ತೆರೆದಳು. 'ಒಲಿ ಮುಂದ' ಎಂದು ಹೆಸರಿಟ್ಟಳು. ಗಂಡ ಕರಿಬಸಪ್ಪನದು ಹಿಟ್ಟಿನ ಗಿರಣಿ. ದಿನವಿಡೀ ಅವಳೂ ಅಲ್ಲೇ ಕೂರಬೇಕು. ಗಿರಣಿಯ ಗದ್ದಲದಲ್ಲಿ ಎಲ್ಲರೂ ಕೂಗುತ್ತಾರೆ, ಯಾರೂ ಮಾತಾಡುವುದಿಲ್ಲ. ಹಾಗಾಗಿ ಬೆಳಗಿನ ಆ ಒಂದೂವರೆ ತಾಸು ಅವಳಿಗೆ ಊಟಕ್ಕಿಂತ ಹೆಚ್ಚಾಯಿತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಲೆಯ ಪಕ್ಕ ಫೋನಿಟ್ಟುಕೊಂಡು, ರೊಟ್ಟಿ ಬಡಿಯುತ್ತ, ಚಹಾ ಸೋಸುತ್ತ ಮಾತಾಡಿದರು. ಮುಖ ಕಾಣುವುದಿಲ್ಲವಾದ್ದರಿಂದ ಮನೆಯ ಗಂಡಸರೂ ತಕರಾರು ಮಾಡಲಿಲ್ಲ. ಒಂದು ಹಂತದಲ್ಲಿ ಇನ್ನೂರು ಮಂದಿ ಇರುತ್ತಿದ್ದರು. ಯಾರು ಮಾತಾಡಬೇಕು, ಯಾರು ಕಾಯಬೇಕು ಎಂದು ಸುನಿತಾ ಹೇಳುತ್ತಿದ್ದಳು. ಗಿರಣಿಗೆ ಜೋಳ ತಂದ ಅಪರಿಚಿತ ಹೆಂಗಸರು ಅವಳ ಮಾತು ಕೇಳುತ್ತಲೇ, "ಒಲಿ ಮುಂದ ಸುನಿತಕ್ಕಾರ ಅಲ್ರೀ?" ಎಂದು ಕೈ ಹಿಡಿದುಕೊಂಡಿದ್ದುಂಟು.

ಇರಮಳನ್ನು ಮಾತಿಗೆ ಎಳೆದವಳೂ ಅವಳೇ. ಎರಡು ತಿಂಗಳು ಸುಮ್ಮನೆ ಕೇಳಿಸಿಕೊಂಡು ಹೋಗುತ್ತಿದ್ದ ಹೆಸರೊಂದನ್ನು ನೋಡಿ ಸುನಿತಾ ಒಂದು ದಿನ, "ಸವಣೂರಿನವ್ರು ಯಾರೋ ಅದೀರಲ್ಲ, ನೀವೂ ಒಂದ ಮಾತಾಡ್ರಿ" ಎಂದು ಮೈಕು ಕೊಟ್ಟಿದ್ದಳು. ಆ ಹೆಂಗಸು ಮೊದಲು ಕೆಮ್ಮಿದಳು. ಆಮೇಲೆ, ಹೊತ್ತಲ್ಲದ ಹೊತ್ತಿನಲ್ಲಿ ಕೂಗುವ ಪಕ್ಕದ ಮನೆಯ ಹುಂಜದ ಜೊತೆ ತನ್ನ ಅತ್ತೆ ಹೇಗೆ ಜಗಳಕ್ಕೆ ನಿಲ್ಲುತ್ತಾಳೆಂದು ಹೇಳತೊಡಗಿದಳು. ಅತ್ತೆಯ ದನಿ, ಹುಂಜದ ದನಿ, ನಡುವೆ ಬಿಡಿಸಲು ಬಂದ ನೆರೆಯವಳ ದನಿ, ಎಲ್ಲವೂ ಅವಳ ಒಂದೇ ಗಂಟಲಿನಿಂದ ಬಂದವು. ಅಷ್ಟೂ ಮನೆಗಳ ರೊಟ್ಟಿ ಬಡಿತ ನಿಂತು, ಆಮೇಲೆ ಎಲ್ಲ ಫೋನುಗಳಿಂದ ಒಮ್ಮೆಲೇ ನಗೆ ಉಕ್ಕಿತು.

ಅಂದಿನಿಂದ ಇಬ್ಬರೂ ಗೆಳತಿಯರಾದರು. ಮಧ್ಯಾಹ್ನ ಗಿರಣಿಗೆ ಕರೆಂಟು ಹೋದಾಗ ಇರಮಳಿಗೆ ಫೋನು ಹೋಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಇರಮಳ ಗಂಡ ರಮೀಜ ಟೆಂಪೊ ಓಡಿಸಿಕೊಂಡು ಗೋವಾದವರೆಗೆ ಹೋಗುತ್ತಿದ್ದ. ಅತ್ತೆ ಜನ್ನತಬಿಗೆ ಮಂಡಿನೋವು. ನಾದಿನಿಯನ್ನು ಬಂಕಾಪುರಕ್ಕೆ ಕೊಟ್ಟಿತ್ತು. ಎಲ್ಲವೂ ಸುನಿತಾಳಿಗೆ ತನ್ನ ತವರಿನ ಸುದ್ದಿಯಷ್ಟೇ ಗೊತ್ತಿತ್ತು. ಆದರೆ ಬೆಳಗಿನ ರೂಮಿನಲ್ಲಿ ಒಬ್ಬೊಬ್ಬರೂ ಬರುತ್ತಲೇ, "ಇರಮ ಬಂದಾಳೇನ್ರಿ?" ಎಂದು ಕೇಳುವಾಗ ಅವಳ ರೊಟ್ಟಿ ಬಡಿತ ಜೋರಾಗುತ್ತಿತ್ತು. "ಬರ್ತಾಳ, ಅವಸರ ಯಾಕ?" ಎನ್ನುತ್ತಿದ್ದಳು. ಕೆಲವೊಮ್ಮೆ ಇರಮ ಕೈಯೆತ್ತಿದ ಗುರುತು ತೋರಿಸಿದರೂ ಕಂಡಿಲ್ಲವೆಂಬಂತೆ ಬೇರೆ ಯಾರಿಗೋ ಮೈಕು ಕೊಡುತ್ತಿದ್ದಳು.

ಈಗೊಂದು ವರ್ಷದಿಂದ ಆ್ಯಪ್ ಕೆಟ್ಟಿತ್ತು. ತಿಂಗಳಿಗೊಮ್ಮೆ ಬದಲಾಗಿ, ಅಗ್ಗದ ಫೋನುಗಳಲ್ಲಿ ತೆರೆಯುವುದೇ ಇಲ್ಲ ಎನ್ನುವಂತಾಗಿತ್ತು. ಇನ್ನೂರು ಮಂದಿ ನಲವತ್ತಾದರು, ನಲವತ್ತು ಹತ್ತಾದರು. ಒಂದು ತಿಂಗಳ ಹಿಂದೆ ಇರಮಳೂ, "ನನ್ನ ಫೋನ್ನ್ಯಾಗ ಅದು ತಗಿಯವಲ್ದಕ್ಕಾ" ಎಂದಿದ್ದಳು. ಸುನಿತಾ ಆ ಮಾತನ್ನು ಅರ್ಧ ಮಾತ್ರ ನಂಬಿದ್ದಳು.

ಅವತ್ತು ಗಿರಣಿಗೆ ಹೋಗುವ ಮೊದಲೇ ಅವಳು ಅಂಕಿತಾಳಿಗೆ ಫೋನು ಹಚ್ಚಿದಳು.

"ಬೈಬ್ಯಾಡ್ರಿ ಅಕ್ಕಾರ," ಎಂದು ಅಂಕಿತಾ ತಾನಾಗಿಯೇ ಶುರು ಮಾಡಿದಳು. "ವಾಟ್ಸಾಪಿನ್ಯಾಗ ಒಂದು ಗ್ರೂಪ್ ಮಾಡ್ಯಾರ. ಮುಂಜಾನಿ ಅಲ್ಲೇ ಮಾತಾಡ್ತಾರ. ಅದು ಎಲ್ಲಾರ ಫೋನ್ನ್ಯಾಗೂ ತಗಿತೈತಲ್ರಿ."

"ಎಷ್ಟ ದಿನ ಆತು?"

"ಮೂರು ವಾರ ಆಗಿರ್ಬೇಕ್ರಿ."

"ಯಾರು ಮಾಡಿದ್ದು?"

"ಇರಮ."

"ಮಂದಿ ಎಷ್ಟ ಅದೀರಿ?"

"ನೂರರ ಮ್ಯಾಲ ಆಗೇವ್ರಿ. ನಿಮಗ ಹೇಳ್ಬೇಕು ಅಂತ ದಿನಾ ಮಾತಾಡ್ತೇವ್ರಿ. ಹೇಳವ್ರು ಯಾರು ಅಂತ... ನಿಮಗ ಆ ರೂಮಂದ್ರ ಜೀವ ಅಲ್ರೀ. ಅದಕ್ಕ ನಾನೂ ಯಂಕವ್ವನೂ ನಿಮ್ಮ ಕಡೆನೂ ಬರ್ತೇವಿ. ಲಿಂಕ್ ಕಳಸ್ಲೇನ್ರಿ?"

ಲಿಂಕು ಬಂತು. ಸುನಿತಾ ಅದನ್ನು ಒತ್ತಲಿಲ್ಲ. ದಿನಾ ತನ್ನ ಬಗ್ಗೆ ಮಾತಾಡುತ್ತಾರೆ ಎಂಬುದೇ ಅವಳನ್ನು ಕೊರೆಯಿತು. ಅಂಕಿತಾ ಮತ್ತು ಯಂಕವ್ವ, ಹಾಸಿಗೆ ಹಿಡಿದ ಮುದುಕಿಯನ್ನು ನೋಡಿ ಹೋಗಲು ಬರುವವರ ಹಾಗೆ, ತನ್ನ ರೂಮಿಗೆ ಬಂದು ಹೋಗುತ್ತಿದ್ದರೇ? ಇಡೀ ದಿನ ಅವಳು ಗಿರಣಿಯಲ್ಲಿ ಇದನ್ನೇ ಮತ್ತೆ ಮತ್ತೆ ನೆನೆದಳು. ಗೋಧಿಯ ಹಿಟ್ಟು ಜೋಳದ ಡಬ್ಬಿಗೆ ಬಿತ್ತು. ಕರಿಬಸಪ್ಪ ಬೈದ.

ಮರುದಿನ ಬೆಳಿಗ್ಗೆ ಅವಳು ಕೊನೆಯ ಸಲ ರೂಮು ತೆರೆದಳು. ಇನ್ನು ಮುಂದೆ ಇಲ್ಲಿ ತಾನು ಬರುವುದಿಲ್ಲ, ಹೊಸ ಕಡೆ ಹೊಸದಾಗಿ ಶುರು ಮಾಡುತ್ತೇನೆ ಎಂದು ಹೇಳಲು ರಾತ್ರಿಯೇ ಮಾತು ಹೊಂದಿಸಿಕೊಂಡಿದ್ದಳು. ಕೇಳಲು ಇದ್ದದ್ದು ಯಂಕವ್ವ ಮತ್ತು ಆ ಹೂವಿನ ಚಿತ್ರ. ಆದರೂ ಹೇಳಿದಳು. ಹೇಳುತ್ತ ಅತ್ತಳು. "ಅಳಬ್ಯಾಡ ನಮ್ಮವ್ವ, ಎಲ್ಲಿ ಹ್ವಾದ್ರೂ ನಾ ಬರ್ತೇನಿ" ಎಂದಳು ಯಂಕವ್ವ. ಸುನಿತಾ ರೂಮು ಮುಚ್ಚಿ, ಆ್ಯಪನ್ನು ಬೆರಳಿನಿಂದ ಒತ್ತಿ ಹಿಡಿದಳು. ತೆಗೆದುಹಾಕಬೇಕೇ ಎಂದು ಅದು ಕೇಳಿತು. ನಾಲ್ಕು ವರ್ಷ ಫೋನಿನ ಮೊದಲ ಸಾಲಿನಲ್ಲೇ ಇದ್ದ ಆ ಹಳದಿ ಚೌಕ ಹೋದ ಮೇಲೆ, ಅದರ ಜಾಗಕ್ಕೆ ಟಾರ್ಚಿನ ಗುರುತು ಸರಿದು ಬಂತು.

ಅದೇ ದಿನ ಅವಳೂ ವಾಟ್ಸಾಪಿನಲ್ಲಿ ಒಂದು ಗ್ರೂಪು ಮಾಡಿದಳು. ಹೆಸರು ಅದೇ, 'ಒಲಿ ಮುಂದ'. ತನ್ನ ಫೋನಿನಲ್ಲಿ ನಂಬರಿದ್ದ ಅರವತ್ತು ಹೆಂಗಸರನ್ನು ಕೇಳದೆಯೇ ಸೇರಿಸಿದಳು. ಇರಮಳನ್ನು ಬಿಟ್ಟಳು. ಮರುದಿನ ಐದೂವರೆಗೆ ಕರೆದಾಗ ನಾಲ್ವರು ಬಂದರು. ಇಪ್ಪತ್ತು ನಿಮಿಷದಲ್ಲಿ ಇಬ್ಬರು ಹೋದರು. ಸಂಜೆಯ ಹೊತ್ತಿಗೆ, ಇಂಥವರು ಗ್ರೂಪು ತೊರೆದರು, ಇಂಥವರು ತೊರೆದರು ಎಂಬ ಸಾಲುಗಳು ಒಂದರ ಕೆಳಗೊಂದು ನಿಂತಿದ್ದವು. ಅವಳು ಬೆರಳಿನಿಂದ ಮೇಲಕ್ಕೆ ಸರಿಸುತ್ತಲೇ ಹೋದಳು. ಅವರೆಲ್ಲರ ಮಕ್ಕಳ ಹೆಸರೂ ಅವಳಿಗೆ ಗೊತ್ತಿತ್ತು.

ಹದಿನೈದು ದಿನ ಕಳೆದ ಮೇಲಿನ ಮಾತು. ಸಂತೆಯ ದಿನ ಗಿರಣಿಗೆ ಜನ ಹೆಚ್ಚು. ಮೆಕ್ಕೆಜೋಳದ ಲಾರಿಗಳು ಸಿಕ್ಕಿಕೊಂಡು ರಸ್ತೆಯೇ ತುಂಬಿತ್ತು. ಕರೆಂಟು ಹೋಗಿ ಗಿರಣಿ ನಿಂತಿದ್ದರಿಂದ ಹೊರಗಿನ ಸದ್ದೆಲ್ಲ ಒಳಗೆ ಬರುತ್ತಿತ್ತು. ಲಾರಿಗಳ ನಡುವೆ ಸಿಕ್ಕಿಕೊಂಡ, ಸೀರೆ ಅಂಗಡಿಯೊಂದರ ಜಾಹೀರಾತಿನ ಆಟೋದ ಮೇಲಿನ ಸ್ಪೀಕರಿನಿಂದ ಹೆಣ್ಣುದನಿಯೊಂದು ಕೂಗುತ್ತಿತ್ತು.

"ಏ ಅಕ್ಕಾರ, ನಿಮಗ ಹೇಳಾಕತ್ತೇನಿ! ಹ್ವಾದ ವರ್ಷ ತಗೊಂಡ ಸೀರಿ ನೋಡಿ ನಿಮ್ಮ ಅತ್ತಿ ಏನಂದ್ರು? ಈ ಸಲ ಅತ್ತಿನ್ನೂ ಕರಕೊಂಡ ಬರ್ರಿ, ಅವರಿಗೂ ಒಂದ ತಗೋರಿ, ಬಾಯಿ ಮುಚ್ಚತಾರ!"

ಅತ್ತೆಯ ಮಾತು ಬಂದಾಗ ದನಿ ಮುದುಕಿಯದಾಗಿ, ಮತ್ತೆ ತನ್ನದಾಯಿತು. ಕೊನೆಗೆ ಆ ನಗೆ. ಹಿಟ್ಟಿಗೆ ಕಾದು ಕೂತಿದ್ದವರೆಲ್ಲ ನಕ್ಕರು. ಒಬ್ಬಾಕೆ ಹೊಸ್ತಿಲಿಗೆ ಬಂದು ಆಟೋ ನೋಡಿದಳು. ಕರಿಬಸಪ್ಪ ಬೆಲ್ಟು ಸರಿಮಾಡುತ್ತಿದ್ದವನು ತಲೆಯೆತ್ತಿದ.

"ಇದು ನಿನ್ನ ಗೆಳತಿ ದನಿ ಅಲ್ಲ? ಸವಣೂರಾಕಿ?"

"ಇರ್ಬೇಕು."

"ಏನ್ ಮಾತಾಡ್ತಾಳ ನೋಡು! ಕುಂತವ್ರನ್ನ ಎಬ್ಬಸ್ತಾಳ," ಎಂದು ಅವನು ಮೆಚ್ಚಿ ತಲೆದೂಗಿದ. ಇಪ್ಪತ್ತು ವರ್ಷದಲ್ಲಿ ಅವನು ತನ್ನ ಮಾತಿಗೆ ಹಾಗೆ ತಲೆದೂಗಿದ್ದು ಸುನಿತಾಳಿಗೆ ನೆನಪಾಗಲಿಲ್ಲ. ಆಟೋ ಮುಂದೆ ಹೋಗಲು ದಾರಿಯಿರಲಿಲ್ಲ. ಅದೇ ಮಾತು ಎಂಟು ಸಲವೋ ಹತ್ತು ಸಲವೋ ಕೇಳಿಸಿತು. ಈ ಸುದ್ದಿಯನ್ನೂ ಇರಮ ತನಗೆ ಹೇಳಿಲ್ಲ ಎಂದುಕೊಂಡಳು. ಇರಮಳ ಆರು ಕರೆಗಳನ್ನು ತಾನೇ ಎತ್ತಿರಲಿಲ್ಲವೆಂಬುದು ಆ ಹೊತ್ತಿಗೆ ಅವಳ ನೆನಪಿಗೆ ಬರಲಿಲ್ಲ.

ಎರಡು ದಿನ ಬಿಟ್ಟು ಹೊಸ ನಂಬರಿನಿಂದ ಕರೆ ಬಂತು.

"ನಮಸ್ಕಾರ್ರಿ ಮೇಡಮ್, ನಾನು ರುದ್ರೇಶ ಅಂತ, ಹಾವೇರಿಯಿಂದ. ಆಟೋಕ್ಕ, ಜಾಹೀರಾತಿಗೆ ದನಿ ರೆಕಾರ್ಡ್ ಮಾಡ್ತೇವಿ. ನೀವು ಮೊದ್ಲ ಆ್ಯಪಿನ್ಯಾಗ ಹೆಣ್ಮಕ್ಕಳ ರೂಮ್ ನಡಸ್ತಿದ್ರಲ್ರಿ, ಅಲ್ಲೆ ನಿಮ್ಮ ನಂಬರ್ ಸಿಕ್ತು. ಸವಣೂರಿನ ಇರಮ ಅನ್ನಾವ್ರು ನಿಮಗ ಪರಿಚಯ ಅದಾರಲ್ರಿ?"

"ಅದಾರ. ಯಾಕ್ರಿ?"

ಅವನು ವಿವರಿಸಿದ. ಬೀಜದ ಕಂಪನಿಯೊಂದು ವರ್ಷವಿಡೀ ವಾರಕ್ಕೊಮ್ಮೆ ರೈತ ಹೆಣ್ಣುಮಕ್ಕಳ ಫೋನಿಗೆ ಎರಡು ನಿಮಿಷದ ಮಾತು ಕಳಿಸುತ್ತದೆ. ಅದಕ್ಕೆ ಈ ಕಡೆಯ ಒಂದು ದನಿ ಬೇಕು. ಸೀರೆಯ ಜಾಹೀರಾತು ಕೇಳಿ ಅವರು ಇರಮಳನ್ನೇ ಕೇಳುತ್ತಿದ್ದಾರೆ. ತನ್ನ ಬಳಿ ಇರುವುದು ಅವಳ ಗಂಡನ ನಂಬರು, ಎರಡು ದಿನದಿಂದ ಅದು ಸ್ವಿಚ್ ಆಫ್. "ನಾಳೆ ಸಂಜಿಯೊಳಗ ಹೆಸರು ಕೊಡ್ಬೇಕ್ರಿ. ಅವರದ ನಂಬರ್ ಇದ್ರ ಕೊಡ್ತೀರೇನು?"

ನಂಬರು ಸುನಿತಾಳಿಗೆ ಬಾಯಿಪಾಠವಿತ್ತು. ರಮೀಜ ಗೋವಾಕ್ಕೆ ಹೋಗಿರುತ್ತಾನೆ, ಘಟ್ಟದಲ್ಲಿ ಫೋನು ಹತ್ತುವುದಿಲ್ಲ ಎಂಬುದೂ ಗೊತ್ತಿತ್ತು.

"ಅಕಿ ಇನ್ಮುಂದ ಅದನ್ನೆಲ್ಲ ಮಾಡಂಗಿಲ್ರಿ," ಎಂದಳು.

"ಅಯ್ಯ, ಯಾಕ್ರಿ?"

"ಮನ್ಯಾಗ ಬ್ಯಾಡ ಅಂದಾರಂತ. ಹಂಗ ಬಜಾರದಾಗ ದನಿ ಕೇಳಸೂದು ಅವರ ಅತ್ತಿಗೆ ಸೇರಂಗಿಲ್ಲ."

"ಹೌದ್ ಬಿಡ್ರಿ. ಅವರ ಮಂದ್ಯಾಗ ಹಂಗ ಇರತೈತಿ," ಎಂದ ರುದ್ರೇಶ.

ಅವನು ಅಷ್ಟು ಬೇಗ ನಂಬಿದ್ದು ಕಂಡು ಸುನಿತಾಳಿಗೇ ದಿಗಿಲಾಯಿತು. ಇನ್ನೊಂದು ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ಅವನೇ ಮುಂದುವರಿಸಿ, "ನಿಮ್ಮ ದನಿನೂ ಚೊಲೋ ಐತಲ್ರಿ. ಒಂದ ಸಲ ಮಾತಾಡಿ ಕಳಸ್ರಿ, ನೋಡೂಣು" ಎಂದ.

ಅವಳು ಕೋಣೆಯ ಕದ ಹಾಕಿಕೊಂಡು, ಅವನು ಕಳಿಸಿದ ನಾಲ್ಕು ಸಾಲನ್ನು ಹನ್ನೆರಡು ಸಲ ಮಾತಾಡಿದಳು. ಹನ್ನೆರಡನೆಯದನ್ನು ಕಳಿಸಿದಳು. ಮರುದಿನ ಉತ್ತರ ಬಂತು. "ದನಿ ಚೊಲೋ ಐತ್ರಿ ಮೇಡಮ್. ಆದ್ರ ಓದಿ ಒಪ್ಪಿಸಿದಂಗ ಬರತೈತಿ ಅಂತಾರ. ಧಾರವಾಡದಾಗ ಒಬ್ಬಾಕಿ ಸಿಕ್ಕಾರ್ರಿ." ಸುನಿತಾ ಆ ಹನ್ನೆರಡನ್ನೂ ಅಳಿಸಿದಳು.

ತಪ್ಪು ಮಾಡಿದೆನೆಂದು ಅವಳಿಗೆ ಅವತ್ತೇ ಅನ್ನಿಸಲಿಲ್ಲ. ಅವತ್ತು ಅನ್ನಿಸಿದ್ದು ಇಬ್ಬರೂ ಸಮ ಆದೆವು ಎಂದು ಮಾತ್ರ. ಆ ಸಮಾಧಾನ ಒಂದು ವಾರ ಉಳಿಯಿತು. ಆಮೇಲೆ ಅಂಕಿತಾಳ ಫೋನು ಬಂತು.

"ಇರಮ ಮೂರು ದಿನ ಆತ್ರಿ, ಗ್ರೂಪಿನ್ಯಾಗ ಮಾತ ಆಡವಲ್ಲಳು. ಅವರ ಮನ್ಯಾಗ ದೊಡ್ಡ ಜಗಳ ಆಗೈತಂತ. ಹಾವೇರ್ಯಾಗಿನವ್ರಿಗೆ ಯಾರೋ ಚಾಡಿ ಹೇಳಿ, ಸಿಗೂ ಕೆಲಸ ತಪ್ಪಸ್ಯಾರಂತ್ರಿ. ಹೇಳಿದಾಕಿ ಅವರ ನಾದಿನಿನ ಅಂತ ಅತ್ತಿ ಮಗಳ ಮ್ಯಾಲ ಹರಿಹಾಯ್ದಾರ. ಅಕಿ ಅಳಕೋತ ಬಂಕಾಪುರಕ್ಕ ಹ್ವಾದಾಕಿ, ತವರಮನಿ ಮೆಟ್ಲ ಹತ್ತಂಗಿಲ್ಲ ಅಂದಾಳಂತ."

ಸುನಿತಾ ಫೋನಿಟ್ಟಳು. ಆ ನಾದಿನಿ ಇರಮಳ ಜೊತೆ ಒಮ್ಮೆ ರೂಮಿಗೆ ಬಂದು ಶಾವಿಗೆ ಪಾಯಸದ ಅಳತೆ ಹೇಳಿದ್ದಳು. ಎರಡು ದಿನ ಸುನಿತಾಳಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ರಾಣೇಬೆನ್ನೂರಿನಲ್ಲಿರುವ ಮಗಳನ್ನು ನೋಡಿ ಬರುತ್ತೇನೆಂದು ಗಂಡನಿಗೆ ಹೇಳಿ ಬಸ್ ಸ್ಟ್ಯಾಂಡಿಗೆ ನಡೆದಳು. ಹಾವೇರಿಯ ಬಸ್ಸು ಹತ್ತಿ, ಅಲ್ಲಿ ಬಸ್ಸು ಬದಲಿಸಿ, ಹನ್ನೊಂದರ ಹೊತ್ತಿಗೆ ಸವಣೂರಿನಲ್ಲಿ ಇಳಿದಳು.

ಕೇಳುತ್ತ ಕೇಳುತ್ತ ಹೋದರೆ ಮನೆ ಸಿಕ್ಕಿತು. "ಟೆಂಪೊ ರಮೀಜನ ಮನಿ" ಎಂದರೆ ಗೊತ್ತಾಗದವರಿಗೆ "ಸೀರಿ ಅಂಗಡಿ ದನಿ" ಎಂದರೆ ಗೊತ್ತಾಯಿತು. ಹಸಿರು ಬಣ್ಣದ ಬಾಗಿಲು. ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಕೂತ ದಪ್ಪನೆಯ ಮುದುಕಿಯೊಬ್ಬಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ನಾ ಹಿರೇಕೆರೂರಿನಾಕ್ರಿ. ಸುನಿತಾ."

"ಯಾ ಅಲ್ಲಾ! ಸುನಿತಕ್ಕ! ಇರಮಾ, ನೋಡಿಲ್ಲೆ ಯಾರು ಬಂದಾರ! ಬರ್ರಿ, ಕುಂದರ್ರಿ," ಎಂದು ಜನ್ನತಬಿ ಮಡಿಲಿನ ಸಿಪ್ಪೆ ಕೊಡವಿ ಜಾಗ ಮಾಡಿದಳು.

ಒಳಗಿನಿಂದ ಬಂದವಳನ್ನು ಸುನಿತಾ ಮೊದಲು ಬೇರೆ ಯಾರೋ ಎಂದುಕೊಂಡಳು. ಆ ದನಿಗೆ ತಕ್ಕಂತೆ ಎತ್ತರದ, ತುಂಬಿದ ಮೈಯ ಚೆಲುವೆಯೊಬ್ಬಳನ್ನು ಅವಳು ನಾಲ್ಕು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಎದುರಿಗೆ ನಿಂತಿದ್ದದ್ದು ಸಣಕಲು ಹೆಂಗಸು. ದಪ್ಪ ಕನ್ನಡಕ, ಹಣೆಯ ಮೇಲೆ ಹಿಟ್ಟು. "ಅಕ್ಕಾ," ಎಂದಳು ಇರಮ. ಆ ಒಂದು ಮಾತಿಗೆ ಇಡೀ ಪಡಸಾಲೆ ತುಂಬಿತು. "ಫೋನ್ ಎತ್ತವಲ್ರಿ, ಏನಿಲ್ಲ. ಸಿಟ್ಟಾಗೀರಿ ಅಂತ ತಿಳಕೊಂಡಿದ್ದೆ. ಗ್ರೂಪಿನ ಸುದ್ದಿ ನಾನ ಮೊದ್ಲ ಹೇಳ್ಬೇಕಿತ್ತು. ಧೈರ್ಯ ಆಗಲಿಲ್ಲ. ತಪ್ಪ ನಂದ."

ಸುನಿತಾ ಹೊರಸಿನ ತುದಿಗೆ ಕೂತಳು. ಅಷ್ಟರಲ್ಲಿ ಜನ್ನತಬಿ ತಲೆದಿಂಬಿನ ಕೆಳಗಿನಿಂದ ಫೋನು ತೆಗೆದಳು. "ಇದನ್ನ ಕೇಳಿರೇನು? ಆಟೋದವ್ನ ನಮ್ಮ ಬಾಗಲಕ್ಕ ನಿಲ್ಲಿಸಿ, ಎರಡ ಸಲ ಹಚ್ಚಿಸಿ ತುಂಬಿಕೊಂಡೇನಿ." ಸೀರೆಯ ಮಾತು ಶುರುವಾಯಿತು. ಅತ್ತೆಯ ದನಿ ಬಂದಾಗ ಮುದುಕಿ ಹೊಟ್ಟೆ ಕುಲುಕಿಸಿ ನಕ್ಕಳು. "ಇದು ನಾನ! ನನ್ನ ಅಣಗಸ್ತಾಳ ಹರಾಮ್‌ಖೋರ!" ನಗುತ್ತಲೇ ಅವಳ ಮುಖ ಇಳಿಯಿತು. "ಅಂಥಾದ್ರಾಗ ನಾ ಬ್ಯಾಡ ಅಂದೇನಂತ. ನಾನು! ಯಾರೋ ಹಾವೇರಿಯವ್ನ ಮುಂದ ಹೇಳ್ಯಾರ. ಅಂವ ನಮ್ಮ ರಮೀಜನ ಮುಂದ, 'ನಿಮ್ಮ ಕಡೇವ್ರ ಹೇಳಿದ್ರಲ್ಲ' ಅಂದ. ನಮ್ಮ ಕಡೇವ್ರು ಯಾರದಾರ? ನನ್ನ ಮಗಳೊಬ್ಬಾಕಿ. ಬಾಯಿಗೆ ಬಂದಂಗ ಬೈದೇನಿ ಅಕಿಗೆ. ಕೂಸಿನ್ನ ಎತ್ತಿಕೊಂಡು ಉಣಲಾರದ ಹ್ವಾದ್ಲು." ಅವಳು ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. "ಯಾರ ಬಾಯಾಗ ಆ ಮಾತ ಬಂತೋ, ಆ ಬಾಯಿ..."

"ಅದನ್ನ ಹೇಳಿದಾಕಿ ನಾನ್ರಿ," ಎಂದಳು ಸುನಿತಾ.

ಜನ್ನತಬಿಗೆ ಅರ್ಥವಾಗಲಿಲ್ಲ. ಸೊಸೆಯ ಮುಖ ನೋಡಿದಳು. ಇರಮ ಗೋಡೆಗೆ ಕೈಯೂರಿ ನಿಂತಿದ್ದಳು.

"ಯಾಕಕ್ಕಾ?"

"ಹೊಟ್ಟಿಕಿಚ್ಚ. ಮತ್ತೇನಿಲ್ಲ. ಎಲ್ಲಾರೂ ನಿನ್ನ ಕಡೆ ಬಂದ್ರು. ನಿನ್ನ ದನಿ ಸಂತ್ಯಾಗ ಕೇಳೀತು. ನಮ್ಮ ಮನಿಯವ್ರೂ ಹೊಗಳಿದ್ರು. ತಡಕೊಳ್ಳಾಕ ಆಗಲಿಲ್ಲ."

"ಕೆಲಸ ತಪ್ಪಿಸಿದ್ದು ಹ್ವಾದ್ರ ಹೋಗ್ಲಿ," ಎಂದಳು ಇರಮ. ಅವಳ ದನಿ ಏರಲಿಲ್ಲ. "ನಮ್ಮ ಅತ್ತಿ ಹೆಸರು ಯಾಕ ಹೇಳಿದ್ರಿ? ನಾಲ್ಕು ವರ್ಷ ದಿನಾ ಅವರ ಸುದ್ದಿ ನಿಮ್ಮ ಮುಂದ ಹೇಳೇನಿ. ಅವರು ಎಂಥಾವ್ರು ಅಂತ ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು."

"ಮತ್ತ?"

"ಹಂಗ ಹೇಳಿದ್ರ ಅಂವ ಲಗೂನ ನಂಬ್ತಾನಂತ ಗೊತ್ತಿತ್ತು."

ಹೊರಗೆ ಸೈಕಲ್ಲೊಂದು ಬೆಲ್ಲು ಬಾರಿಸಿಕೊಂಡು ಹೋಯಿತು. ಇರಮ ಕನ್ನಡಕ ತೆಗೆದು ದುಪಟ್ಟಾದಿಂದ ಒರೆಸಿದಳು. ತುಂಬ ಹೊತ್ತು ಒರೆಸಿದಳು. ಮತ್ತೆ ಹಾಕಿಕೊಂಡು, "ಅವಗ ಫೋನ್ ಹಚ್ರಿ. ಇಲ್ಲೇ, ನಮ್ಮ ಮುಂದ. ಸ್ಪೀಕರ್ ಹಾಕ್ರಿ" ಎಂದಳು.

ಸುನಿತಾ ಹಚ್ಚಿದಳು. ರುದ್ರೇಶ ಎತ್ತಿದ. ತಾನು ಅವತ್ತು ಹೇಳಿದ್ದು ಸುಳ್ಳು, ಇರಮಳ ಮನೆಯವರು ಯಾರೂ ಬೇಡವೆಂದಿರಲಿಲ್ಲ ಎಂದು ಅವಳು ತಡವರಿಸುತ್ತ ಹೇಳಿದಳು. ಅವನು ಎರಡು ಸಲ "ಏನಂದ್ರಿ?" ಎಂದು ಕೇಳಿದ್ದರಿಂದ ಎರಡು ಸಲ ಹೇಳಬೇಕಾಯಿತು.

"ಹಿಂಗ್ ಮಾಡಿದ್ರ ಹ್ಯಾಂಗ್ರಿ ಮೇಡಮ್?" ಎಂದ ರುದ್ರೇಶ. "ಧಾರವಾಡದಾಕಿ ಜೋಡಿ ಒಂದ ವರ್ಷದ ಕರಾರು ಆಗಿ ಹೋತಲ್ರಿ. ಇನ್ನ ನಾ ಏನೂ ಮಾಡಾಕ ಬರಂಗಿಲ್ಲ. ಮುಂದ ಬ್ಯಾರೆ ಯಾವ್ದರ ಬಂದ್ರ ನೋಡೂಣು."

ಜನ್ನತಬಿ ಕೈಚಾಚಿ ಫೋನು ಇಸಿದುಕೊಂಡಳು. ಅದನ್ನು ಬಾಯಿಗೆ ಹತ್ತಿರ ಹಿಡಿದು, ದೂರದವರನ್ನು ಕೂಗುವಂತೆ ಹೇಳಿದಳು. "ರುದ್ರೇಶಪ್ಪಾ, ನಾ ಜನ್ನತಬಿ. ಇರಮನ ಅತ್ತಿ. ನಾ ಬ್ಯಾಡ ಅಂದಿಲ್ಲ. ಅನ್ನೂದೂ ಇಲ್ಲ. ಇನ್ನೊಮ್ಮೆ ಯಾರರ ಹಂಗ ಹೇಳಿದ್ರ ನೀ ನನಗ ಕೇಳ್ಬೇಕು, ನಂಬಬಾರ್ದು. ಬರಕೋ ನನ್ನ ನಂಬರ."

ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿ ಮುಗಿಸಿ, ಫೋನನ್ನು ಹೊರಸಿನ ಮೇಲಿಟ್ಟಳು. ಸುನಿತಾಳ ಕಡೆ ನೋಡಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳು ಮಗಳಿಗೆ ಫೋನು ಹಚ್ಚಿ ಉರ್ದುವಿನಲ್ಲಿ ಮಾತಾಡುವುದು ಗೋಡೆಯಾಚೆಯಿಂದ ಕೇಳಿಸಿತು. ಮಾತು ಸುನಿತಾಳಿಗೆ ತಿಳಿಯಲಿಲ್ಲ. ನಡುನಡುವೆ "ಬೇಟಿ, ಬೇಟಿ" ಎಂಬುದು, ಮೂಗು ಸೀನಿಕೊಂಡದ್ದು ತಿಳಿಯಿತು.

ಇರಮ ಚಹಾ ತಂದು ಕೊಟ್ಟಳು. ತನಗೆ ತಂದುಕೊಳ್ಳಲಿಲ್ಲ. ಸುನಿತಾ ಕುಡಿದು ಲೋಟ ಕೆಳಗಿಟ್ಟು, "ಬರ್ತೇನಿ" ಎಂದಳು.

"ಓಣಿ ತಪ್ತೀರಿ, ತಡೀರಿ," ಎಂದು ಇರಮ ಬುರ್ಖಾ ಹಾಕಿಕೊಂಡು ಬಂದಳು.

ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದರು. ಬಿಸಿಲು ನೆತ್ತಿಗೆ ಬಂದಿತ್ತು. ಇರಮ ಒಂದು ಹೆಜ್ಜೆ ಮುಂದೆಯೇ ಇದ್ದಳು. ಸ್ಟ್ಯಾಂಡಿನಲ್ಲಿ ಬಸ್ಸೊಂದು ಹೊರಟು ತಿರುಗಿಸುತ್ತಿತ್ತು. ಬೋರ್ಡು ಕಾಣುತ್ತಿರಲಿಲ್ಲ.

"ಏನ್ರೀ ಕಂಡಕ್ಟ್ರ, ಹಾವೇರಿಗೆ ಹೋಗತೈತೇನು? ನಿಲ್ಲಸ್ರೀ!" ಎಂದು ಇರಮ ಕೂಗಿದಳು. ನಿಂತಿದ್ದವರೆಲ್ಲ ತಿರುಗಿ ನೋಡಿದರು. ಬಸ್ಸು ನಿಂತಿತು. ಆ ದನಿ ತನಗಿರಬೇಕಿತ್ತು ಎಂದು, ಇಷ್ಟೆಲ್ಲ ಆದ ಮೇಲೂ, ಸುನಿತಾಳಿಗೆ ಅನ್ನಿಸಿತು.

ಮೆಟ್ಟಿಲ ಬಳಿ ಇರಮ ಅಂದಳು. "ಗ್ರೂಪಿಗೆ ನಾನಾಗಿ ಕರ್ಯಂಗಿಲ್ಲ. ನೀವ ಬಂದ್ರ ಬ್ಯಾಡ ಅನ್ನಂಗಿಲ್ಲ." ಉತ್ತರಕ್ಕೆ ಕಾಯದೆ ಹೊರಟುಹೋದಳು.

ಬಸ್ಸು ಊರು ದಾಟಿದ ಮೇಲೆ ಸುನಿತಾ ಫೋನು ತೆಗೆದಳು. ತನ್ನ ಗ್ರೂಪಿನಲ್ಲಿ ಉಳಿದಿದ್ದ ಏಳು ಮಂದಿಯನ್ನು ಒಬ್ಬೊಬ್ಬರಾಗಿ ತೆಗೆದು, ಕೊನೆಗೆ ತಾನೂ ಹೊರಬಂದು, ಗ್ರೂಪನ್ನೇ ಅಳಿಸಿದಳು. ಅಂಕಿತಾ ಕಳಿಸಿದ್ದ ಲಿಂಕನ್ನು ಹುಡುಕಿ ಒತ್ತಿದಳು. ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಎಂದು ಬಂತು. ಅಡ್ಮಿನ್ ಇರಮಳೇ. ಕೇಳಿಕೊಳ್ಳುವ ಗುಂಡಿಯ ಮೇಲೆ ಬೆರಳಿಟ್ಟು, ಮುಂದಿನ ಹಳ್ಳಿ ಬರುವವರೆಗೂ ಹಾಗೇ ಕೂತಿದ್ದು, ಆಮೇಲೆ ಒತ್ತಿದಳು.

ಆ ಹಳ್ಳಿಯಲ್ಲಿ ಬಸ್ಸು ತುಂಬಿತು. ವೀಳ್ಯದೆಲೆಯ ಎರಡು ಪೆಂಡಿ ಹಿಡಿದು ಹತ್ತಿದ ಹೆಂಗಸೊಬ್ಬಳಿಗೆ ನಿಲ್ಲಲೂ ಜಾಗವಿರಲಿಲ್ಲ. "ಯವ್ವಾ, ಇದೊಂದ ಹಿಡಕೊಳ್ರಿ, ಕೆಳಗಿಟ್ರ ತುಳೀತಾರ," ಎಂದು ಒಂದನ್ನು ಸುನಿತಾಳ ಮಡಿಲಿಗೆ ಇಟ್ಟೇಬಿಟ್ಟಳು. ಎಲೆ ಬಾಡದಿರಲೆಂದು ಸುತ್ತಿದ ಗೋಣಿಯ ಬಟ್ಟೆ ಒದ್ದೆಯಾಗಿತ್ತು. ತಂಪು ಸೀರೆ ದಾಟಿ ತೊಡೆಗೆ ಇಳಿಯಿತು. ಸುನಿತಾ ಫೋನನ್ನು ಬ್ಲೌಸಿನೊಳಗೆ ಸೇರಿಸಿ, ಹಾವೇರಿಯವರೆಗೂ ಪೆಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.